ಹುಬ್ಬಳ್ಳಿ-ಧಾರವಾಡ: ನಿಮ್ಮ ಓಣ್ಯಾಗ ಹೊಸದೇನ್ ಬಂತು, ಯಾವ ಕಾಮಗಾರಿ ಎಲ್ಲಿಗೆ ಬಂತು?

ಕೇಶ್ವಾಪುರದಾಂವ

ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಅವಳಿ ನಗರದಾಗ ಒಂದು ಯೋಜನಾ ಶುರು ಆತಂದ್ರ ಅದರ ಸುದ್ದಿ ಪೇಪರ್‌ನ್ಯಾಗ ದೊಡ್ಡದಾಗಿ ಎರಡ ಸಲ ಬರ್ತೈತಿ. ಭೂಮಿಪೂಜೆ ಆದ ದಿನ ಒಮ್ಮೆ, ರಿಬ್ಬನ್ ಕತ್ತರಿಸಿದ ದಿನ ಒಮ್ಮೆ. ನಡುವಿನ ವರ್ಷಗಳಾಗ ಆ ರಸ್ತೆ ಬಾಜೂಕ ಇರೂ ಮಂದಿ ಹೆಂಗ ಬಾಳೇವು ಮಾಡಿದ್ರು ಅನ್ನೂದು ಎಲ್ಲೂ ಬರೂದಿಲ್ಲ. ಅದಕ್ಕ ಇಲ್ಲಿ ನಿಮ್ಮ ನಿಮ್ಮ ಓಣಿ ಸುದ್ದಿ ಹಾಕ್ರಿ. ಹೊಸ ಅಂಗಡಿ, ಹೊಸ ಖಾನಾವಳಿ, ಮುಚ್ಚಿದ ಶಟರ್, ಅರ್ಧಕ್ಕ ನಿಂತ ಗಟಾರ, ಯಾವುದಾದ್ರೂ ಸರಿ.

ನಾ ಚನ್ನಮ್ಮ ಸರ್ಕಲ್‌ನಿಂದ ಶುರು ಮಾಡ್ತೇನಿ. ಹುಬ್ಬಳ್ಳಿ ಅಂದ್ರ ಅದು. ಗದಗ ಕಡೆ, ಕಾರವಾರ ಕಡೆ, ವಿಜಯಪುರ ಕಡೆ, ಧಾರವಾಡ ಕಡೆ ಹೋಗೂದು ಎಲ್ಲಾ ಅಲ್ಲೇ ಬಂದು ಕೂಡತೈತಿ. ಮೇಲ್ಸೇತುವೆ ಬೇಕು ಅನ್ನೂದರಾಗ ನನಗ ಎರಡು ಮಾತಿಲ್ಲ. 2025ರ ಏಪ್ರಿಲ್‌ನ್ಯಾಗ ಬಸವವನದಿಂದ ಸರ್ಕಲ್‌ವರೆಗಿನ ರಸ್ತೆ, ಅದರ ಜೋಡಿ ಹಳೇ ಬಸ್ ಸ್ಟ್ಯಾಂಡ್, ಕಾಮಗಾರಿ ಸಲುವಾಗಿ ನಾಕ್ ತಿಂಗಳು ಬಂದ್ ಅಂತ ಹೇಳಿದ್ರು. ಬಸ್ಸೆಲ್ಲಾ ಗೋಕುಲ ರಸ್ತೆ ಹೊಸ ಬಸ್ ಸ್ಟ್ಯಾಂಡ್ ಮತ್ತ ಹೊಸೂರು ಟರ್ಮಿನಲ್ ಕಡೆ ತಿರುಗಿದ್ವು. ವಾಹನ ಎಲ್ಲಿಂದ ಎಲ್ಲಿಗೆ ತಿರುಗಬೇಕು ಅನ್ನೂದಕ್ಕ ನಕಾಶೆ ಬಂತು. ಆದ್ರ ಆ ರಸ್ತೆ ಮ್ಯಾಲಿನ ಅಂಗಡಿಗೆ ಗಿರಾಕಿ ಯಾವ ದಾರೀಲೆ ಬರಬೇಕು ಅನ್ನೂದು ಆ ನಕಾಶ್ಯಾಗ ಇರಲಿಲ್ಲ.

ನನ್ನ ಮಾತು ಇಷ್ಟ: ಕಾಮಗಾರಿಗೆ ಎರಡು ವಿಚಾರ ಬರದು ಹಚ್ಚಬೇಕು. ಒಂದು, ಮುಗಿಯೂ ದಿನಾಂಕ. ಎರಡು, ಅಲ್ಲೀತನ ಮಂದಿ ನಡದು ಹೋಗೂ ದಾರಿ. ಕಾಂಕ್ರೀಟ್ ಎಷ್ಟು, ಕಬ್ಬಿಣ ಎಷ್ಟು ಅಂತ ಅಂದಾಜುಪಟ್ಟಿ ಮಾಡ್ತಾರಲ್ಲ, ಅದರಾಗ ಈ ದಾರಿಗೂ ಒಂದು ಸಾಲು ಇರಬೇಕು. ನೀವೇನಂತೀರಿ?

ಕೊಪ್ಪಿಕರ ರಸ್ತೆ ಹತ್ರದ ಅಂಗಡಿ

ಅಣ್ಣಾರ, ನಮ್ದು ಹಳೇ ಬಸ್ ಸ್ಟ್ಯಾಂಡ್‌ನಿಂದ ನಡದು ಬರೂವಷ್ಟು ದೂರದಾಗ ಬ್ಯಾಗ್, ಸೂಟ್‌ಕೇಸ್ ಅಂಗಡಿ. ಅಪ್ಪಾರು ಇಟ್ಟಿದ್ದು. ನಮ್ಮ ಗಿರಾಕಿ ಅಂದ್ರ ಕುಂದಗೋಳ, ನವಲಗುಂದ, ಅಣ್ಣಿಗೇರಿ, ಕಲಘಟಗಿ ಕಡೆ ಮಂದಿ. ಬಸ್ ಇಳದು, ಸಂತಿ ಮಾಡಿ, ಮದುವಿ ಜವಳಿ ತಗೊಂಡು, ಹೋಗೂ ಮುಂದ ನಮ್ಮಲ್ಲಿ ಒಂದು ಬ್ಯಾಗ್ ತಗೊಂಡು ಅದರಾಗ ಎಲ್ಲಾ ತುಂಬ್ಕೊಂಡು ಹೋಗ್ತಿದ್ರು. ಬಸ್ ಹೊಸೂರಿಗೆ ಹೋದ ಮ್ಯಾಲ ಆ ಗಿರಾಕಿ ಅಲ್ಲೇ ಇಳೀತಾರ, ಅಲ್ಲೇ ತಗೋತಾರ. ಬ್ಯಾಗ್ ಹೊತ್ತು ಆಟೋ ಮಾಡಿ ನಮ್ಮ ತನಕ ಯಾಕ ಬರ್ತಾರ?

ಒಂದು ದಿನ ಮುಂಜಾನೆ ಶಟರ್ ಎತ್ತೂದರಾಗ ಅಂಗಡಿ ಮುಂದ ಉದ್ದಕ್ಕ ತಗಡು ನಿಂತಿತ್ತು. ಆಳೆತ್ತರಕ್ಕಿಂತ ಜಾಸ್ತಿ. ಆ ಕಡೆಯಿಂದ ನೋಡಿದ್ರ ನಮ್ಮ ಬೋರ್ಡಿನ ಮ್ಯಾಲಿನ ಅರ್ಧ ಅಷ್ಟ ಕಾಣ್ತಿತ್ತು. ಮುಂಚೆ ಯಾರೂ ಹೇಳಿರಲಿಲ್ಲ. ಕೆಲಸ ಮಾಡೂ ಹುಡುಗೂರನ್ನ ಕೇಳಿದ್ರ ಅವರಿಗೂ ಗೊತ್ತಿಲ್ಲ, ಪಾಪ ಬಿಹಾರ ಕಡೆಯವರು. ನಾವು ಬಾಜೂ ಅಂಗಡ್ಯಾರು ಕೂಡಿ ಪೇಂಟರ್‌ನ ಕರಿಸಿ ತಗಡಿನ ಮ್ಯಾಲೇ ಎಲ್ಲಾ ಅಂಗಡಿ ಹೆಸರು ಬರಸಿದ್ವಿ, ಬಾಣದ ಗುರುತು ಹಾಕಸಿದ್ವಿ. ಆಮ್ಯಾಲ ಸೂಪರ್‌ವೈಜರ್ ಒಬ್ರು ಒಳ್ಳೇವರು ಸಿಕ್ಕ್ರು, ಅವರಿಗೆ ಹೇಳಿ ಎರಡು ತಗಡು ತಗಸಿ ಒಂದು ಸಂದಿ ಮಾಡಿಸ್ಕೊಂಡ್ವಿ. ಆ ಒಂದು ಸಂದಿಯಿಂದ ದಿನಕ್ಕ ನಾಕ್ ಮಂದಿ ಹೆಚ್ಚಿಗೆ ಬರಾಕ ಶುರು ಆದ್ರು. ಎರಡು ತಗಡು ತಗಿಯಾಕ ಎಷ್ಟ ಖರ್ಚು ಹೇಳ್ರಿ? ಏನೂ ಇಲ್ಲ. ಆದ್ರ ನಾವ ಕೇಳಿಲ್ಲಂದ್ರ ಯಾರೂ ಮಾಡ್ತಿರಲಿಲ್ಲ.

ಬಾಡಿಗಿ, ಕರೆಂಟ್ ಬಿಲ್, ಜಿಎಸ್‌ಟಿ ಯಾವುದೂ ಕಾಮಗಾರಿ ನಡದೈತಿ ಅಂತ ನಿಂದ್ರೂದಿಲ್ಲ. ಸ್ವಂತ ಕಟ್ಟಡ ಇದ್ದವರು ತಡಕೊಂಡ್ರು. ಬಾಡಿಗಿ ಮ್ಯಾಲ ಇದ್ದ ಸಣ್ಣ ಅಂಗಡ್ಯಾರಾಗ ಬಿಟ್ಟು ಹೋದವರು ಅದಾರ. ಒಬ್ರು ಈಗ ಗೋಕುಲ ರಸ್ತ್ಯಾಗ ಅದಾರ, ಛಲೋ ನಡದೈತಿ ಅಂತ. ಇನ್ನೊಬ್ರು ಊರಿಗೆ ಹೋದ್ರು.

ಸಪ್ತಾಪುರದ ಅಕ್ಕ

ನಿಮ್ಮ ತಗಡಿನ ಸುದ್ದಿ ಓದಿ ಭಾಳ ಕೆಟ್ಟ ಅನಿಸಿತ್ರಿ ಅಣ್ಣಾರ.

ನಮ್ಮ ಧಾರವಾಡದ ಸುದ್ದಿ ಬ್ಯಾರೇನ ಐತಿ. ಇಲ್ಲಿ ಹೊಸ ವ್ಯಾಪಾರ ಅಂದ್ರ ಸ್ಪರ್ಧಾತ್ಮಕ ಪರೀಕ್ಷೆ. ಸಪ್ತಾಪುರ, ಮಿಚಿಗನ್ ಕಂಪೌಂಡ್, ಶ್ರೀನಗರ ಸರ್ಕಲ್ ಕಡೆ ಒಮ್ಮೆ ಅಡ್ಡಾಡಿ ನೋಡ್ರಿ. ಹಿಂದ ಪೇರಲ ಗಿಡ, ಮುಂದ ಅಂಗಳ ಇದ್ದ ಹಂಚಿನ ಮನಿಗೋಳು ಕೆಡವಿ ನಾಕ್ ಅಂತಸ್ತಿನ ಪಿಜಿ ಎದ್ದಾವ. ಕೆಳಗ ಝೆರಾಕ್ಸ್, ಅದರ ಬಾಜೂಕ ಪುಸ್ತಕದ ಅಂಗಡಿ, ಮ್ಯಾಲ ಕೋಚಿಂಗ್, ಅದರ ಮ್ಯಾಲ ಸ್ಟಡಿ ರೂಮ್. ಪಿಎಸ್‌ಐ, ಎಫ್‌ಡಿಎ, ಕೆಎಎಸ್, ಶಿಕ್ಷಕರ ನೇಮಕಾತಿ ಅಂತ ಯಾದಗಿರಿ, ರಾಯಚೂರು, ಕೊಪ್ಪಳ, ಬಾಗಲಕೋಟಿ ಎಲ್ಲಾ ಕಡೆಯಿಂದ ಹುಡುಗೂರು ಬಂದಾರ.

ಸ್ಟಡಿ ರೂಮ್ ನೋಡದವರಿಗೆ ಹೇಳ್ತೇನಿ. ಒಂದು ಹಾಲ್ ಹಿಡದು ಅದರಾಗ ಪ್ಲೈವುಡ್ಡಿನ ಸಣ್ಣ ಸಣ್ಣ ಗೂಡು ಮಾಡಿರ್ತಾರ. ಒಂದು ಕುರ್ಚಿ, ಒಂದು ಟ್ಯೂಬ್‌ಲೈಟ್, ಒಂದು ಪ್ಲಗ್ ಪಾಯಿಂಟ್. ತಿಂಗಳ ಲೆಕ್ಕದಾಗ ಸೀಟ್. ಗ್ವಾಡಿಗೆ ಸಂವಿಧಾನದ ವಿಧಿಗೋಳು, ಕರ್ನಾಟಕದ ನದಿಗಳ ನಕಾಶೆ, ತಾವ ಕೈಯಾರೆ ಬರದ ವೇಳಾಪಟ್ಟಿ. ಮುಂಜಾನೆ ಐದಕ್ಕ ಬಂದು ರಾತ್ರಿ ಹನ್ನೊಂದಕ್ಕ ಹೋಗೂ ಹುಡುಗಿಯರನ್ನ ನಾ ನೋಡೇನಿ. ಕೆಲವರು ಊಟಕ್ಕ ಹೊರಗ ಬರೂದಿಲ್ಲ. ಖಾನಾವಳಿ ಡಬ್ಬಿ ಒಳಗ ಬರ್ತೈತಿ: ಎರಡು ರೊಟ್ಟಿ, ಒಂದು ಪಲ್ಯ, ಅನ್ನ, ಸಾರು.

ಈ ಡಬ್ಬಿ ನಮ್ಮ ಓಣಿಯ ಎಷ್ಟೋ ಹೆಣ್ಣಮಕ್ಕಳ ಕೈಗೆ ರೊಕ್ಕ ತಂದೈತಿ. ನಮ್ಮ ಬಾಜೂ ಮನಿ ಅವ್ವ ಮೊದಲು ಎರಡು ಹುಡುಗೂರಿಗೆ ಮಾಡಿ ಕೊಡ್ತಿದ್ರು, ಈಗ ಮೂರು ಮಂದಿ ಕೆಲಸಕ್ಕ ಇಟ್ಟಾರ. ಆದ್ರ ಒಳಮೀಸಲಾತಿ ವಿಚಾರದಾಗ 2024ರ ಅಕ್ಟೋಬರ್ ಕಡೀಗೆ ಸರಕಾರ ಹೊಸ ನೇಮಕಾತಿ ಅಧಿಸೂಚನೆ ನಿಲ್ಲಿಸಿತಲ್ರಿ, ಆಗ ಗೊತ್ತಾತು ಈ ವ್ಯಾಪಾರ ಎಲ್ಲಿಗೆ ಕಟ್ಟಿ ಹಾಕೇತಿ ಅಂತ. ಅಧಿಸೂಚನೆ ಇಲ್ಲಂದ್ರ ಹುಡುಗೂರಿಗೆ ಮನಿಯಿಂದ ರೊಕ್ಕ ಬರೂದು ಕಮ್ಮಿ. ಮೊದಲು ಡಬ್ಬಿ ಒಂದ ಹೊತ್ತಿಗೆ ಇಳೀತೈತಿ, ಆಮ್ಯಾಲ ರೂಮ್ ಖಾಲಿ. ಬೆಂಗಳೂರಾಗ ಒಂದು ಕಡತ ನಿಂತ್ರ ನಮ್ಮ ಓಣ್ಯಾಗ ರೊಟ್ಟಿ ತಟ್ಟೂ ಕೈ ನಿಂದರ್ತೈತಿ. ಯಾವ ಅಭಿವೃದ್ಧಿ ಲೆಕ್ಕದಾಗೂ ಇದು ಬರೂದಿಲ್ಲ.

ಪುಣೆಯಿಂದ ವಾಪಸ್

ನಮಸ್ಕಾರ. ನಾನು ಹುಟ್ಟಿದ್ದು ಹುಬ್ಬಳ್ಳಿ, ಓದಿದ್ದು ವಿದ್ಯಾನಗರದಾಗ. ಈಗ ಪುಣೆ ಬಿಟ್ಟು ಬಂದು ಒಂದು ಜೋಳದ ರೊಟ್ಟಿ ಖಾನಾವಳಿ ಮಾಡ್ಬೇಕು ಅಂತ ನಾನೂ ನಮ್ಮ ಮನಿಯವರೂ ವಿಚಾರ ಮಾಡೇವಿ. ಶಾಕಾಹಾರಿ. ರೊಟ್ಟಿ, ಎಣಗಾಯಿ, ಜುಣಕ, ಶೇಂಗಾ ಚಟ್ನಿ, ಮಜ್ಜಿಗಿ. ಸಂಜೀಕ ಗಿರಮಿಟ್, ಮಿರ್ಚಿ. ವಿದ್ಯಾನಗರ ಛಲೋನೋ ಗೋಕುಲ ರಸ್ತೆ ಛಲೋನೋ? ಪರವಾನಿಗಿ ಏನೇನ್ ಬೇಕು? ದಯವಿಟ್ಟು ಅನುಭವ ಇದ್ದವರು ಹೇಳ್ರಿ.

ವಿದ್ಯಾನಗರ ಕಾಕಾ

ತಮ್ಮಾ, ಬಾ, ಛಲೋ ವಿಚಾರ ಮಾಡಿ. ನಾ ಬಾಳ ವರ್ಷ ಹೋಟೆಲ್ ಲೈನಿನ್ಯಾಗ ಇದ್ದಾಂವ, ಈಗ ಮಗ ನೋಡ್ಕೋತಾನ.

ವಿದ್ಯಾನಗರದಾಗ ನಿನಗ ಎರಡು ನಮೂನಿ ಗಿರಾಕಿ. ಕಾಲೇಜು ಹುಡುಗೂರು, ಮತ್ತ ಕಿಮ್ಸ್ ದವಾಖಾನೆಗೆ ಪೇಷಂಟ್ ಕರಕೊಂಡು ಬಂದವರು. ದವಾಖಾನೆ ಮಂದಿ ವರ್ಷಪೂರ್ತಿ ಇರ್ತಾರ, ಆದ್ರ ಅವರ ಕಿಸೆ ನೋಡಿ ರೇಟ್ ಇಡಬೇಕು. ಹುಡುಗೂರು ಪರೀಕ್ಷಾ, ಸೂಟಿ ಅಂತ ಮೂರು ತಿಂಗಳು ಕಾಣೂದಿಲ್ಲ. ಗೋಕುಲ ರಸ್ತ್ಯಾಗ ಕುಟುಂಬ ಸಮೇತ ಕಾರ್ ತಗೊಂಡು ಬರ್ತಾರ. ಬಾಡಿಗಿ ಹೆಚ್ಚು, ಪಾರ್ಕಿಂಗ್ ಇಲ್ಲಂದ್ರ ಅಲ್ಲಿ ನಡಿಯೂದಿಲ್ಲ. ಹೊಸ ಬಸ್ ಸ್ಟ್ಯಾಂಡ್ ಆ ಕಡೆ ಇರೂದರಿಂದ ಬಸ್ಸಿನ ಗಿರಾಕೀನೂ ಸಿಗ್ತಾರ.

ಕಾಗದಪತ್ರ: ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ, ಕಾರ್ಮಿಕ ಇಲಾಖೆಯಾಗ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಪ್ರಕಾರ ನೋಂದಣಿ, ಹೆಸ್ಕಾಂನಿಂದ ವಾಣಿಜ್ಯ ಮೀಟರ್. ಮನಿ ಮೀಟರ್ ಮ್ಯಾಲ ಧಂದೆ ಮಾಡಬ್ಯಾಡ, ಸಿಕ್ಕರ ದಂಡ ಬೀಳ್ತೈತಿ. ಬೋರ್ಡಿನ್ಯಾಗ ಶೇ 60 ಕನ್ನಡ ಇರಬೇಕು, 2024ರ ತಿದ್ದುಪಡಿ ಅದು. ನಿನ್ನ ಖಾನಾವಳಿಗೆ ಪೂರಾ ಕನ್ನಡದಾಗ ಬರಸು, ಚೆಂದ ಕಾಣ್ತೈತಿ.

ಇನ್ನೊಂದು. ಜಾಗ ಗೊತ್ತು ಮಾಡೂ ಮೊದಲು ಆ ರಸ್ತ್ಯಾಗ ಯುಜಿಡಿ (ನೆಲದೊಳಗಿನ ಗಟಾರ), ನೀರಿನ ಪೈಪು, ಕಾಂಕ್ರೀಟ್ ಕೆಲಸ ಬಾಕಿ ಐತೇನು ಅಂತ ವಾರ್ಡ್ ಆಫೀಸಿಗೆ ಹೋಗಿ ಕೇಳು. 24 ತಾಸು ನೀರಿನ ಯೋಜನಾ ಪೈಪು ಇನ್ನೂ ಹಾಕದ ಓಣಿ ಅದಾವ. ನೀ ಒಳಗ ಬಣ್ಣ ಬಳದು ಕುಂತ ಮ್ಯಾಲ ಮುಂದ ರಸ್ತೆ ಅಗದ್ರ ಮೊದಲನೇ ಆರು ತಿಂಗಳು ಹೋಗ್ತಾವ. ಹೊಸ ಹೋಟೆಲಿಗೆ ಮೊದಲನೇ ಆರು ತಿಂಗಳೇ ಜೀವ.

ರೊಟ್ಟಿ ನಿಮ್ಮ ಮನಿಯವರ ಒಬ್ಬರ ಕೈಲೆ ಆಗೂದಿಲ್ಲ. ಸ್ವಸಹಾಯ ಸಂಘದ ಹೆಣ್ಣಮಕ್ಕಳು ಕಡಕ್ ರೊಟ್ಟಿ ಮಾಡಿ ಕೊಡ್ತಾರ, ಅದನ್ನ ಕೌಂಟರ್‌ನ್ಯಾಗ ಪ್ಯಾಕೆಟ್ ಇಡು. ಬಿಸಿ ರೊಟ್ಟಿಗೆ ಮಾತ್ರ ಎರಡು ಒಲಿ, ಇಬ್ಬರು ತಟ್ಟೂವವರು ಬೇಕ ಬೇಕು. ಬಿಸಿ ರೊಟ್ಟಿಗೆ ಕಾಯಾಕ ಹಚ್ಚಿದ್ರ ಗಿರಾಕಿ ಎರಡನೇ ಸಲ ಬರೂದಿಲ್ಲ.

ನವನಗರ ನಿವಾಸಿ

ನಾನು ಮೈಸೂರು ಕಡೆಯವನು, ಕೆಲಸದ ಮೇಲೆ ಬಂದು ನವನಗರದಲ್ಲೇ ಮನೆ ಮಾಡಿದ್ದೇನೆ. ಚಿಗರಿ ಬಸ್ಸಿನ, ಅಂದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿನ ಬಗ್ಗೆ ಇಲ್ಲಿ ಇನ್ನೂ ಯಾರೂ ಬರೆದಿಲ್ಲವಲ್ಲ. ದಿನಾ ಓಡಾಡುವವನಾಗಿ ಹೇಳುತ್ತೇನೆ: ಬಿಆರ್‌ಟಿಎಸ್ ಬೇಡ, ಕಿತ್ತು ಹಾಕಿ ಎಂಬ ಕೂಗಿಗೆ ನನ್ನ ಒಪ್ಪಿಗೆಯಿಲ್ಲ. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕವಾಗಿ ಶುರುವಾಯಿತು, 2020ರ ಫೆಬ್ರವರಿ 2ರಂದು ಅಧಿಕೃತ ಉದ್ಘಾಟನೆಯಾಯಿತು. ಸುಮಾರು 22 ಕಿಲೋಮೀಟರ್. ಕರ್ನಾಟಕದಲ್ಲಿ ಬಸ್ಸಿಗೆಂದೇ ರಸ್ತೆಯ ನಡುವೆ ದಾರಿ ಬಿಟ್ಟು, ನಿಲ್ದಾಣದ ಕಟ್ಟೆಯನ್ನೂ ಬಸ್ಸಿನ ಬಾಗಿಲನ್ನೂ ಒಂದೇ ಮಟ್ಟಕ್ಕೆ ತಂದ ಊರು ಬೇರೆ ಯಾವುದಿದೆ? ಮಂಡಿನೋವಿರುವ ನನ್ನ ತಾಯಿ ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ. ನನಗೆ ಅದು ದೊಡ್ಡ ವಿಷಯ.

ಬಸ್ಸುಗಳು ಹಳೆಯದಾಗಿವೆ, ನಿಲ್ದಾಣದ ಗಾಜಿನ ಬಾಗಿಲುಗಳು ಎಷ್ಟೋ ಕಡೆ ಕೆಲಸ ಮಾಡುತ್ತಿಲ್ಲ, ಸಂಜೆ ನಿಲ್ಲಲೂ ಜಾಗವಿರುವುದಿಲ್ಲ. ಒಪ್ಪುತ್ತೇನೆ. ಅದಕ್ಕೆ ಬೇಕಾದದ್ದು ಹೊಸ ಬಸ್ಸು, ನಿರ್ವಹಣೆ.

ಟೋಲ್ ನಾಕಾ ಧಾರವಾಡ

ಸರ್, ನಿಮ್ಮ ತಾಯಿಯವರ ಮಾತು ಖರೇ, ನಾ ಒಪ್ಪತೇನಿ. ಆದ್ರ ನೀವು ಬಸ್ಸಿನ ಒಳಗ ಕುಂತು ನೋಡೀರಿ, ನಾವು ರಸ್ತೆ ಬಾಜೂಕ ನಿಂತು ನೋಡೇವಿ.

ದೊಡ್ಡ ಮಳಿ ಆದಾಗ ಒಮ್ಮೆ ಟೋಲ್ ನಾಕಾಕ್ಕ ಬರ್ರಿ. ರಸ್ತೆ ಕೆರಿ ಆಗ್ತೈತಿ. ಬೈಕಿನ ಸೈಲೆನ್ಸರ್ ಮುಳಗ್ತಾವ, ಅಂಗಡಿ ಮೆಟ್ಟಲ ಏರಿ ನೀರು ಒಳಗ ಬರ್ತೈತಿ. ಮ್ಯಾಲಿಂದ ಹರದು ಬರೂ ನೀರಿಗೆ ದಾಟಿ ಹೋಗಾಕ ಸಾಕಷ್ಟು ದೊಡ್ಡ ಗಟಾರ ಇಲ್ಲ, ನೀರು ಅಲ್ಲೇ ನಿಂದರ್ತೈತಿ. ಬಿಆರ್‌ಟಿಎಸ್ ಆದ ಮ್ಯಾಲ ಪ್ರತಿ ಮಳಿಗಾಲ ಇದು ಪೇಪರಿಗೆ ಬಂದೈತಿ. ಬಸ್ಸಿನ ದಾರಿ ಮಾಡೂ ಮುಂದ ನೀರಿನ ದಾರಿ ನೋಡಬೇಕಿತ್ತು. ಮೊದಲನೇ ಪೋಸ್ಟಿನ್ಯಾಗ ಅಣ್ಣಾರು ಹೇಳಿದ್ದು ಇದನ್ನೇ ಅಲ್ಲೇನು? ಯೋಜನಾ ಅಂದ್ರ ನಡುವಿನ ರಸ್ತೆ ಅಷ್ಟ ಅಲ್ಲ, ಅದರ ಎರಡೂ ದಂಡಿ ಸೈತ.

ವ್ಯಾಪಾರದ ಮಾತು ಬಂದ್ರ, ನಡುವ ಗ್ರಿಲ್ ಬಂದ ಮ್ಯಾಲ ಎದುರು ಬದಿ ಗಿರಾಕಿ ನಮಗ ಇಲ್ಲ. ಚಾ ಕುಡಿಯಾಕ ಯಾರು ಇಷ್ಟು ಸುತ್ತು ಹಾಕಿ ಬರ್ತಾರ? ಲೈನ್ ಬಜಾರ್ ಪೇಢೆಗಾದ್ರ ಮಂದಿ ಎಲ್ಲಿಂದ ಬೇಕಾದ್ರೂ ಹುಡಿಕ್ಕೊಂಡು ಬಂದು ಪಾಳಿ ಹಚ್ಚತಾರ. ಹೆಸರಿಲ್ಲದ ಅಂಗಡಿಗೆ ಕಣ್ಣಿಗೆ ಕಂಡ ಗಿರಾಕಿನೇ ಗಿರಾಕಿ.

ನವನಗರ ನಿವಾಸಿ

ಗಟಾರದ ಮಾತಿಗೆ ನನ್ನದು ಪೂರ್ಣ ಒಪ್ಪಿಗೆ ಸರ್. ಅದನ್ನು ಸಾರಿಗೆ ಯೋಜನೆಯ ತಪ್ಪು ಎನ್ನುವುದಕ್ಕಿಂತ ಬಿಟ್ಟುಹೋದ ಕೆಲಸ ಎನ್ನಬೇಕು, ಮತ್ತು ಅದನ್ನು ಈಗಲೂ ಮಾಡಲು ಸಾಧ್ಯ. ನನ್ನ ಭಯ ಬೇರೆ. ಈಗ ಚಿಗರಿ ಜಾಗಕ್ಕೆ ಎಲೆಕ್ಟ್ರಿಕ್ ರ‍್ಯಾಪಿಡ್ ಟ್ರಾನ್ಸಿಟ್ ತರುವ ಮಾತು ನಡೆದಿದೆ. ಹೊಸದು ಬರಲಿ. ಆದರೆ ಹಳೆಯದರಲ್ಲಿ ಉಳಿದ ಗಟಾರ, ದಾಟುವ ದಾರಿ, ಫುಟ್‌ಪಾತ್ ಇವುಗಳನ್ನು ಮುಗಿಸದೆ ಅದರ ಮೇಲೆ ಇನ್ನೊಂದು ಯೋಜನೆ ಹೊದಿಸಿದರೆ ಟೋಲ್ ನಾಕಾದ ನೀರು ಅಲ್ಲೇ ಇರುತ್ತದೆ.

ಉಣಕಲ್ಲಿನಾಕಿ

ನಾಲಾ ಬಗ್ಗೆ ನಾ ಹೇಳ್ತೇನಿ. ಉಣಕಲ್ ಕೆರಿಯಿಂದ ಹೊರಡೂ ನಾಲಾ ಹುಬ್ಬಳ್ಳಿ ನಡುವ ಹಾದು ಹೋಗ್ತೈತಿ. ಅದರ ದಂಡಿಗುಂಟ ಸೈಕಲ್ ದಾರಿ, ನಡಿಯೂ ದಾರಿ, ಗಿಡ, ಕುಂದರೂ ಕಟ್ಟಿ ಅಂತ ಗ್ರೀನ್ ಮೊಬಿಲಿಟಿ ಕಾರಿಡಾರ್ ಮಾಡಾಕ ಸ್ಮಾರ್ಟ್ ಸಿಟಿಯವರು ಹಿಡಿದ್ರು. ಸಿಟೀಸ್ ಅನ್ನೂ ಕೇಂದ್ರದ ಕಾರ್ಯಕ್ರಮದಾಗ ದೇಶದ 12 ನಗರ ಆಯ್ಕೆ ಆಗಿದ್ವು, ನಮ್ಮದೂ ಒಂದು. ಫ್ರಾನ್ಸ್ ದೇಶದ ಅಭಿವೃದ್ಧಿ ಸಂಸ್ಥೆಯ ರೊಕ್ಕ ಇದ್ದ ಯೋಜನಾ ಅದು.

ಮಾಡಿದ ತುಂಡು ಚೆಂದ ಐತಿ, ಸುಳ್ಳು ಹೇಳೂದಿಲ್ಲ. ಮುಂಜಾನೆ ವಯಸ್ಸಾದವರು ಅಡ್ಡಾಡ್ತಾರ, ಹುಡುಗೂರು ಸೈಕಲ್ ಹೊಡೀತಾರ. ಹಿಂದ ಅದೇ ಜಾಗದಾಗ ಮೂಗು ಮುಚ್ಚಿಕೊಂಡು ಓಡಬೇಕಿತ್ತು. ಆದ್ರ ನಾಲಾದಾಗ ಹರಿಯೂದು ಇನ್ನೂ ಹೊಲಸು ನೀರು. ದಂಡಿಗೆ ಟೈಲ್ಸ್ ಹಾಕಿ ನಾಲಾಕ್ಕ ಮನಿ ಗಟಾರದ ಪೈಪು ಬಿಟ್ರ ಯಾವ ಗಿಡ ಹಚ್ಚಿದ್ರೂ ವಾಸನಿ ಹೋಗೂದಿಲ್ಲ. ಯುಜಿಡಿ ಜೋಡಣೆ ಮೊದಲು ಆಗಬೇಕು.

ಅಲ್ಲೇ ದಂಡಿ ಮ್ಯಾಲ ಸಂಜೀಕ ಒಬ್ಬಾಕಿ ಎಳೆ ಸವತಿಕಾಯಿ, ಪೇರಲ ಮಾರಾಕ ಕುಂದರ್ತಾಳ. ಮಂದಿ ಅಡ್ಡಾಡಾಕ ಬಂದ ಮ್ಯಾಲ ಆಕಿ ವ್ಯಾಪಾರ ಏರೇತಿ. ಇನ್ನೊಂದು ವರ್ಷಕ್ಕ ಯಾರೋ ಬಂದು ಎಬ್ಬಿಸಬಾರದು ಅಂತ ನನ್ನ ಕಳಕಳಿ. ಹಾದಿ ಚೆಂದ ಆಗೂದ ತಡ, ಹಾದಿ ಬದಿ ವ್ಯಾಪಾರಿ ಹೊರಗ.

ವಿದ್ಯಾನಗರ ಕಾಕಾ

ಉಣಕಲ್ಲಿನ ತಂಗಿ, ಆಕಿಗೆ ಹೇಳವಾ: 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆಯಾಗ ಹೆಸರು ಬರಸಿ ಪ್ರಮಾಣಪತ್ರ, ಗುರುತಿನ ಚೀಟಿ ತಗೋಬೇಕು. ಅದಿದ್ರ ನೋಟಿಸ್ ಕೊಡದೇ ಎಬ್ಬಸಾಕ ಬರೂದಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಾಗ ಶೇ 40ಕ್ಕ ಕಮ್ಮಿ ಇಲ್ಲದಂಗ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಅವರಾಗ ಮೂರನೇ ಒಂದು ಭಾಗ ಹೆಣ್ಣಮಕ್ಕಳು. ಪಿಎಂ ಸ್ವನಿಧಿ ಸಾಲ ಸೈತ ಸಿಗ್ತೈತಿ. ಮೊದಲನೇ ಕಂತು 10 ಸಾವಿರ ಇತ್ತು, 2025ರಾಗ 15 ಸಾವಿರಕ್ಕ ಏರಿಸ್ಯಾರ.

ಬೆಂಗೇರಿ ಹುಡುಗ

ನಮ್ಮ ಬೆಂಗೇರಿ ಸುದ್ದಿ ಬರಲಿಲ್ಲ ಅಂತ ಬರಿಯಾಕತ್ತೇನಿ. ಹೊಸದರ ನಡುವ ಒಂದು ಹಳೇದನ್ನ ಮರೀಬಾರದು. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, 1957ರಾಗ ಶುರು ಆದದ್ದು, ನಮ್ಮ ಬೆಂಗೇರಿಯಾಗ ಐತಿ. ಬಿಐಎಸ್ ಮಾನ್ಯತೆ ಇರೂ ಖಾದಿ ರಾಷ್ಟ್ರಧ್ವಜಕ್ಕ ದೇಶದಾಗ ಹೆಸರಾದ ಜಾಗ ಇದು. ಬಟ್ಟಿ ಬಾಗಲಕೋಟಿ ಜಿಲ್ಲಾ ತುಳಸಿಗೇರಿ ಕಡೆ ನೇಯ್ತಾರ, ಬಣ್ಣ, ಚಕ್ರದ ಅಚ್ಚು, ಹೊಲಿಗಿ ಇಲ್ಲಿ. ಒಂಬತ್ತು ಅಳತಿ ಅದಾವ. ಸಣ್ಣದು ಮೇಜಿನ ಮ್ಯಾಲ ಇಡೂದು, ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಚಕ್ರದ 24 ಕಡ್ಡಿ ಬಟ್ಟಿಯ ಎರಡೂ ಬದಿ ಒಂದರ ಮ್ಯಾಲೊಂದು ಸರಿಯಾಗಿ ಕೂಡಬೇಕು. ಕೂದಲೆಳಿಯಷ್ಟು ಸರದ್ರೂ ಆ ಧ್ವಜ ಹೊರಗ ಹೋಗೂದಿಲ್ಲ. ಕೆಲಸ ಮಾಡೂವವರು ಹೆಚ್ಚಾಗಿ ನಮ್ಮ ಅವ್ವ, ಅಕ್ಕಂದ್ರು.

2021ರ ಡಿಸೆಂಬರ್ 30ಕ್ಕ ಧ್ವಜ ಸಂಹಿತೆ ತಿದ್ದುಪಡಿ ಮಾಡಿ ಪಾಲಿಸ್ಟರ್ ಮತ್ತ ಯಂತ್ರದಾಗ ಮಾಡಿದ ಧ್ವಜಕ್ಕ ಅನುಮತಿ ಕೊಟ್ರು. ಮರುವರ್ಷ ಮನಿ ಮನಿಗೆ ತಿರಂಗಾ ಬಂತು, ಆದ್ರ ಅಗ್ಗದ ಪಾಲಿಸ್ಟರ್ ಮುಂದ ಖಾದಿ ಆರ್ಡರ್ ಸೊರಗಿತು. ಹೊಸ ಸ್ಟಾರ್ಟಪ್ಪಿಗೆ ಜಾಗ, ಸಬ್ಸಿಡಿ ಕೊಡ್ತಾರ, ಕೊಡ್ಲಿ. ನಮ್ಮ ಓಣ್ಯಾಗ ಆಗಲೇ ಇರೂ ಕೈಕಸಬಿಗೆ ಆರ್ಡರ್ ಕೊಟ್ರ ಸಾಕು, ಬ್ಯಾರೆ ಏನೂ ಬ್ಯಾಡ. ಅವಳಿ ನಗರದ ಶಾಲಿ, ಬ್ಯಾಂಕು, ಅಪಾರ್ಟ್‌ಮೆಂಟ್ ಸಂಘದವರು ಆಗಸ್ಟ್ 15ಕ್ಕ ಇಲ್ಲಿಂದನ ಧ್ವಜ ತಗೋರಿ ಅಂತ ಕೈ ಮುಗದು ಕೇಳ್ತೇನಿ.

ಗದಗ ರಸ್ತೆ ರೈಲ್ವೆ ಕ್ವಾರ್ಟರ್ಸ್

ನಮ್ಮ ಕಡೆ ಸುದ್ದಿ ಛಲೋ ಐತಿ. ಹುಬ್ಬಳ್ಳಿ ಸ್ಟೇಶನ್ನಿನ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಎಲ್ಲಾರಿಗೂ ಗೊತ್ತು, ಜಗತ್ತಿನಾಗ ದೊಡ್ಡದು, 2023ರ ಮಾರ್ಚ್ 12ಕ್ಕ ಉದ್ಘಾಟನೆ ಆತು. ಧಾರವಾಡ ಐಐಟಿಯ ಕಾಯಂ ಕ್ಯಾಂಪಸ್ ಉದ್ಘಾಟನೆನೂ ಅದೇ ದಿನ. ಆದ್ರ ನಮ್ಮ ಓಣಿಗೆ ಬದಲಾವಣೆ ತಂದಿದ್ದು ಗದಗ ರಸ್ತೆ ಕಡೆ ಆದ ಪ್ರವೇಶ ದ್ವಾರ. ಮೊದಲು ಸ್ಟೇಶನ್ ಅಂದ್ರ ಆ ಕಡೆ, ಈ ಕಡೆ ಬರೇ ಕಂಪೌಂಡ್ ಗ್ವಾಡಿ. ಈಗ ರಾತ್ರಿ ಗಾಡಿಗೆ ಬರೂವವರಿಗೆ ಚಾದಂಗಡಿ, ಇಡ್ಲಿ ಗಾಡಿ, ಲಾಡ್ಜು ಶುರು ಆಗ್ಯಾವ. ರೈಲ್ವೆ ವಸ್ತುಸಂಗ್ರಹಾಲಯ 2020ರಿಂದ ಐತಿ, ಸೂಟಿಯಾಗ ಮಕ್ಕಳನ್ನ ಕರಕೊಂಡು ಬರ್ರಿ. ಉದ್ದದ ಪ್ಲಾಟ್‌ಫಾರ್ಮಿನಷ್ಟ ಸುದ್ದಿ ಆಗಲಿಲ್ಲ ಈ ಗೇಟು. ಆದ್ರ ಹೊಟ್ಟಿ ತುಂಬಿಸಿದ್ದು ಇದು.

ಸಪ್ತಾಪುರದ ಅಕ್ಕ

ಧಾರವಾಡಕ್ಕ ಪ್ರತ್ಯೇಕ ಮಹಾನಗರ ಪಾಲಿಕೆ ಆಗೂ ವಿಚಾರ ಏನಂತೀರಿ? 1962ರಿಂದ ಎರಡೂ ಊರು ಒಂದೇ ಪಾಲಿಕೆ. 82 ವಾರ್ಡಿನ್ಯಾಗ ಧಾರವಾಡಕ್ಕ 26, ಹುಬ್ಬಳ್ಳಿಗೆ 56. 2025ರ ಜನವರಿಯಾಗ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನನಗ ಆಶಾ ಐತಿ. ನಮ್ಮ ಗಟಾರದ ಅರ್ಜಿಗೆ ಹುಬ್ಬಳ್ಳಿತನ ಹೋಗೂದು ತಪ್ಪಬಹುದು.

ಟೋಲ್ ನಾಕಾ ಧಾರವಾಡ

ಅಕ್ಕಾರ, ಆಶಾ ನನಗೂ ಐತಿ. ಆದ್ರ ಪಾಲಿಕೆ ಬ್ಯಾರೆ ಆದ್ರ ಮನಿ ಕರ, ಅನುದಾನ ಎಲ್ಲಾ ಬ್ಯಾರೆ ಆಗ್ತಾವ. ದೊಡ್ಡ ಅಂಗಡಿ, ದೊಡ್ಡ ಗೋದಾಮು ಹುಬ್ಬಳ್ಳಿಯಾಗ ಅದಾವ. ಧಾರವಾಡದಾಗ ಇರೂದು ಬಹಳಷ್ಟು ಶಾಲಿ, ಕಾಲೇಜು, ಸರಕಾರಿ ಆಫೀಸು, ವಿಶ್ವವಿದ್ಯಾಲಯ. ಅವರ ಕಡೆಯಿಂದ ಬರೂ ಕರ ಎಷ್ಟ? ನಮ್ಮ ಖಜಾನೆ ತುಂಬಾಕ ಮೊದಲ ವರ್ಷ ಸರಕಾರ ಕೈ ಹಿಡೀಬೇಕು, ಅದು ಬರವಣಿಗಿಯಾಗ ಇರಬೇಕು.

ಕೇಶ್ವಾಪುರದಾಂವ

ಎಲ್ಲಾರೂ ಇಷ್ಟು ಬರದ್ರಿ, ಖುಷಿ ಆತು. ಒಂದು ಕೆಲಸ ಮಾಡೂಣ್ರಿ. ಚನ್ನಮ್ಮ ಸರ್ಕಲ್ ಮೇಲ್ಸೇತುವೆ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕೂಣು. ಕರ್ನಾಟಕದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಒಳಗ, ಶುಲ್ಕ 10 ರೂಪಾಯಿ. 30 ದಿನದಾಗ ಉತ್ತರ ಕೊಡಬೇಕು. ತಪ್ಪು ಕಚೇರಿಗೆ ಹಾಕಿದ್ರೂ ಅಡ್ಡಿಯಿಲ್ಲ, 6(3)ನೇ ಕಲಂ ಪ್ರಕಾರ 5 ದಿನದಾಗ ಸಂಬಂಧಪಟ್ಟವರಿಗೆ ಅವರೇ ಕಳಸಬೇಕು.

ನಾ ಬರದ ಕರಡು: ಗುತ್ತಿಗೆ ಕರಾರಿನ ಪ್ರತಿ, ಮೂಲದಾಗ ಮುಗಿಯಬೇಕಿದ್ದ ದಿನಾಂಕ, ಎಷ್ಟು ಸಲ ಅವಧಿ ವಿಸ್ತರಣೆ ಕೊಟ್ರು ಮತ್ತ ಯಾವ ಕಾರಣಕ್ಕ, ಕಾಮಗಾರಿ ವೇಳೆ ಪಾದಚಾರಿ ದಾರಿಗೆ ಅಂದಾಜುಪಟ್ಟಿಯಾಗ ಏನು ಅವಕಾಶ ಐತಿ, ಸುರಕ್ಷತೆಗೆ ಏನು ಷರತ್ತು ಅದಾವ. ಸುರಕ್ಷತೆ ಯಾಕಂದ್ರ 2024ರ ಸೆಪ್ಟೆಂಬರ್‌ನ್ಯಾಗ ಇದೇ ಕಾಮಗಾರಿ ಜಾಗದಾಗ ಮ್ಯಾಲಿಂದ ಕಬ್ಬಿಣದ ರಾಡ್ ತಲಿ ಮ್ಯಾಲ ಬಿದ್ದು ಪೊಲೀಸ್ ಎಎಸ್‌ಐ ಒಬ್ರು ಜೀವ ಕಳಕೊಂಡ್ರು. ಆ ರಸ್ತ್ಯಾಗ ನಾವೆಲ್ಲಾ ದಿನಾ ಅಡ್ಡಾಡ್ತೇವಿ.

ಕೊಪ್ಪಿಕರ ರಸ್ತೆ ಹತ್ರದ ಅಂಗಡಿ

ಅಣ್ಣಾರ, ಇನ್ನೊಂದು ಪ್ರಶ್ನೆ ಸೇರಿಸ್ರಿ: ಅಂಗಡಿ, ಮನಿ ಮುಂದ ತಗಡು ಹಚ್ಚೂ ಮೊದಲು ಎಷ್ಟು ದಿನ ಮುಂಚೆ ಲಿಖಿತ ನೋಟಿಸ್ ಕೊಡಬೇಕು ಅಂತ ಕರಾರಿನ್ಯಾಗ ಐತೋ ಇಲ್ಲೋ. ಇದ್ರ ನಮಗ ಕೊಟ್ಟ ನೋಟಿಸಿನ ಪ್ರತಿ ಕೊಡ್ಲಿ. ನಮ್ಮ ಸಾಲಿನ ಅಂಗಡ್ಯಾರು ಬ್ಯಾರೆ ಬ್ಯಾರೆ ಅರ್ಜಿ ಹಾಕಾಕ ತಯಾರ್ ಅದಾರ.

ಪುಣೆಯಿಂದ ವಾಪಸ್

ಕಾಕಾ, ನೀವು ಹೇಳಿದಂಗ ವಿದ್ಯಾನಗರದ ವಾರ್ಡ್ ಆಫೀಸಿಗೆ ಹೋಗಿ ಬಂದೆ. ನಾವು ನೋಡಿದ್ದ ಜಾಗದ ಮುಂದ ಪೈಪಿನ ಕೆಲಸ ಬಾಕಿ ಐತಂತ. ಅದಕ್ಕ ಅದನ್ನ ಬಿಟ್ಟು, ಪೈಪು ಹಾಕಿ ಕಾಂಕ್ರೀಟ್ ಮುಗದ ಒಳಗಿನ ಓಣ್ಯಾಗ ಒಂದು ಸಣ್ಣ ಜಾಗ ನೋಡೇವಿ. ಮುಖ್ಯ ರಸ್ತೆ ಅಲ್ಲ, ಆದ್ರ ದವಾಖಾನೆಯಿಂದ ನಡದು ಬರಬಹುದು. ರೊಟ್ಟಿ ತಟ್ಟೂವವರು ಒಬ್ರು ಸಿಕ್ಕಾರ, ಇನ್ನೊಬ್ರು ಬೇಕು. ಸಪ್ತಾಪುರದ ಅಕ್ಕಾರ, ನಿಮ್ಮ ಬಾಜೂ ಮನಿ ಅವ್ವನ ಕಡೆ ಕೆಲಸ ಕಮ್ಮಿ ಆಗಿ ಕುಂತವರು ಯಾರಾದ್ರೂ ಇದ್ರ ಹೇಳ್ರಿ. ಹೋಗಿ ಬರೂ ಬಸ್ ಖರ್ಚು ನಾವು ಕೊಡ್ತೇವಿ.

ಸಪ್ತಾಪುರದ ಅಕ್ಕ

ಅದಾರ. ಕೈ ಭಾಳ ಛಲೋ, ರೊಟ್ಟಿ ಹಾಳೆಯಂಗ ತೆಳ್ಳಗ ಬರ್ತೈತಿ. ಚಿಗರಿ ಸ್ಟಾಪ್ ಅವರ ಮನಿಗೆ ಹತ್ರ, ಮುಂಜಾನೆ ಎಂಟಕ್ಕ ವಿದ್ಯಾನಗರದಾಗ ಇರ್ತಾರ. ಅವರನ್ನ ಕೇಳಿ ಇವತ್ತ ಸಂಜೀಕ ನಿಮಗ ಪರ್ಸನಲ್ ಮೆಸೇಜ್ ಹಾಕ್ತೇನಿ.